ತೂಕ ಇಳಿಸುವವನಿಗೆ ನೂರೆಂಟು ವಿಘ್ನ

ಮನೆಯಲ್ಲಿ ಒಬ್ಬರು ತೂಕ ಇಳಿಸಲು ಹೊರಟರೆ ಸಾಕು, ಮಿಕ್ಕವರೆಲ್ಲ ಜ್ವರ ಬಿಟ್ಟು ಎದ್ದವರನ್ನು ನೋಡುವ ಹಾಗೆ ನೋಡುತ್ತಾರೆ. ನಾನು ತೂಕ ಇಳಿಸುವ ತರಗತಿಗೆ ಸೇರಿದ ಸುದ್ದಿ ಕೇಳಿ ಬಂದ ಚಿಕ್ಕಮ್ಮ ಕೆನ್ನೆ ಸವರಿ, "ಎಷ್ಟು ಸೊರಗಿ ಹೋಗಿದ್ದೀಯೋ!" ಅಂತ ಕಣ್ಣು ಒದ್ದೆ ಮಾಡಿಕೊಂಡರು. ಆಗಿನ್ನೂ ಅರ್ಜಿ ತುಂಬಿದ್ದೆ ಅಷ್ಟೇ, ಒಂದು ಗ್ರಾಂ ಕೂಡ ಇಳಿದಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಬೇಡ ಬೇಡ ಅಂದರೂ ಬಡಿಸಿದರು. "ನಾಳೆಯಿಂದ ಇಳಿಸುವೆಯಂತೆ ಬಿಡು."

ತರಗತಿಯಲ್ಲಿ ಮಾತ್ರೆ ಇಲ್ಲ, ಬೆಲ್ಟ್ ಇಲ್ಲ, ಪವಾಡವೂ ಇಲ್ಲ. ತಿಂದದ್ದನ್ನು ಬರೆಯಬೇಕು, ನಡೆಯಬೇಕು, ತೂಕ ನೋಡಿಕೊಳ್ಳಬೇಕು, ವಾರಕ್ಕೊಮ್ಮೆ ಬಂದು ಮುಖ ತೋರಿಸಬೇಕು. ಹಾಗಂತ ಹಗುರವಾಗಿ ನೋಡುವ ಹಾಗಿಲ್ಲ. ಮಧುಮೇಹದ ಅಂಚಿನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿ ಅಮೆರಿಕದಲ್ಲಿ ನಡೆಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂದು ಗುಂಪಿಗೆ ಕೊಟ್ಟ ಗುರಿ ಇಷ್ಟೇ: ತೂಕದಲ್ಲಿ ಶೇ 7 ಇಳಿಸಿ, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ. ಅವರಲ್ಲಿ ಮಧುಮೇಹ ಬರುವುದು ಶೇ 58ರಷ್ಟು ತಗ್ಗಿತು. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ನುಂಗಿದ ಇನ್ನೊಂದು ಗುಂಪಿನಲ್ಲಿ ಶೇ 31. ಇದನ್ನು ಮನೆಯಲ್ಲಿ ಜೋರಾಗಿ ಓದಿ ಹೇಳಿದೆ. ಹೆಂಡತಿ ತಲೆ ಎತ್ತದೆ, "ರೀ, ಆ ಮಾತ್ರೆನೇ ಬರೆಸಿಕೊಂಡು ಬನ್ನಿ, ನಿಮಗೆ 31 ಸಾಕು" ಅಂದಳು.

ಇದರಲ್ಲಿ ಎಲ್ಲಕ್ಕಿಂತ ಕೆಲಸಕ್ಕೆ ಬರುವುದು ಬರೆದಿಡುವ ಅಭ್ಯಾಸ. ಎಲ್ಲಕ್ಕಿಂತ ಮೊದಲು ಕೈಬಿಟ್ಟು ಹೋಗುವುದೂ ಅದೇ. ನಮ್ಮ ಗುಂಪಿನ ಒಬ್ಬರ ಪುಸ್ತಕ ನೋಡಬೇಕಿತ್ತು. ಸೋಮವಾರ ಮುತ್ತು ಪೋಣಿಸಿದಂಥ ಅಕ್ಷರ. ಬುಧವಾರದ ಹೊತ್ತಿಗೆ "ಬೆಳಿಗ್ಗೆ: ಸ್ವಲ್ಪ, ಮಧ್ಯಾಹ್ನ: ಸ್ವಲ್ಪ, ಸಂಜೆ: ಸ್ವಲ್ಪವೇ ಸ್ವಲ್ಪ". ಶುಕ್ರವಾರದ ಹಾಳೆಯಲ್ಲಿ ಅಕ್ಷರವೇ ಇಲ್ಲ, ಮೂರು ಬೆರಳಿನ ಎಣ್ಣೆ ಗುರುತು ಮಾತ್ರ ಇದೆ. ನಮ್ಮ ಮೇಡಂ ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಇಡೀ ವಾರದಲ್ಲಿ ಇದೊಂದೇ ನಿಜವಾದ ದಾಖಲೆ" ಅಂದರು.

ಪಾಪ, ಅವರೊಬ್ಬರನ್ನೇ ಅಂದು ಏನು ಪ್ರಯೋಜನ. ಏನು ಮಾಡಿದರೂ ತೂಕ ಇಳಿಯುತ್ತಿಲ್ಲ ಎನ್ನುವವರನ್ನೇ ಕೂರಿಸಿ ಅಳೆದು ನೋಡಿದ 1992ರ ಒಂದು ಅಧ್ಯಯನವಿದೆ. ತಿಂದದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಲೆಕ್ಕಕ್ಕೇ ಬಂದಿರಲಿಲ್ಲವಂತೆ, ಓಡಾಟವನ್ನು ಮಾತ್ರ ಒಂದೂವರೆ ಪಟ್ಟು ಹೇಳಿದ್ದರಂತೆ. ಸುಳ್ಳು ಹೇಳಬೇಕು ಅಂತ ಯಾರೂ ಹೇಳುವುದಿಲ್ಲ ಬಿಡಿ. ನಿಂತುಕೊಂಡು ತಿಂದದ್ದು, ರುಚಿ ನೋಡಿದ್ದು, ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು ವೇಸ್ಟ್ ಆಗುತ್ತಲ್ಲ ಅಂತ ಬಾಯಿಗೆ ಹಾಕಿಕೊಂಡದ್ದು, ಇದನ್ನೆಲ್ಲ ಊಟ ಅಂತ ಯಾರು ತಾನೇ ಲೆಕ್ಕ ಹಿಡಿಯುತ್ತಾರೆ, ಅಲ್ವಾ?

ತೂಕದ ಯಂತ್ರದ್ದು ಇನ್ನೊಂದು ಕತೆ. ರಾತ್ರಿ ಉಪ್ಪು ಜಾಸ್ತಿಯಾದರೆ ಮೈಯಲ್ಲಿ ನೀರು ನಿಂತು ಬೆಳಿಗ್ಗೆ ಒಂದು ಕೆ.ಜಿ. ಏರಿರಬಹುದು, ಅದು ಕೊಬ್ಬಲ್ಲ. ಮಗಳು ಹಿಂದಿನಿಂದ ಸದ್ದಿಲ್ಲದೆ ಬಂದು ಒಂದು ಕಾಲು ಇಟ್ಟಿದ್ದರೆ ಮೂರು ಕೆ.ಜಿ. ಏರಿರುತ್ತದೆ, ಅದೂ ಕೊಬ್ಬಲ್ಲ. ಇಂಥ ಒಂದು ಬೆಳಗಿನ ಅಂಕಿ ನೋಡಿ ತರಗತಿಯನ್ನೇ ಬಿಟ್ಟವರಿದ್ದಾರೆ. ತೂಕ ಏರಿದ ವಾರ ಮುಖ ತಪ್ಪಿಸುವವರೇ ಜಾಸ್ತಿ, ನಿಜವಾಗಿ ತರಗತಿ ಬೇಕಾಗಿರುವುದು ಆ ವಾರವೇ.

ಇದಕ್ಕಿಂತ ಅಪಾಯದ್ದು ಆಫೀಸಿನ ಕೇಕು. ಕೇಕಿಗಿಂತಲೂ, ತಿಂದಾದ ಮೇಲೆ ಬರುವ ಯೋಚನೆ. "ಇವತ್ತು ಹೇಗೂ ಹಾಳಾಯ್ತು, ಇನ್ನು ಸೋಮವಾರದಿಂದ ನೋಡೋಣ." ಹೀಗೆ ಅಂದುಕೊಳ್ಳುವಾಗ ಇನ್ನೂ ಮಂಗಳವಾರ! 1975ರಲ್ಲೇ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಮೊದಲು ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಐಸ್‌ಕ್ರೀಮ್ ಮುಂದಿಟ್ಟರೆ, ಮಾಮೂಲಿ ಜನ ಕಡಿಮೆ ತಿಂದರು. ಬಾಯಿ ಕಟ್ಟಿ ಬದುಕುವವರು ಜಾಸ್ತಿ ತಿಂದರು. ಕಟ್ಟೆ ಒಡೆದ ಮೇಲೆ ಇನ್ನೇನು ಅಂತ.

ಇಷ್ಟೆಲ್ಲದರ ನಡುವೆ ನನ್ನನ್ನು ಕಾಪಾಡಿದ್ದು ಪಕ್ಕದ ಮನೆಯ ನಿವೃತ್ತ ಹಿರಿಯರು. ಬೆಳಿಗ್ಗೆ ಬೆಲ್ ಒತ್ತಿ, ಬಾಗಿಲು ತೆಗೆಯುವವರೆಗೂ ಬೆರಳು ತೆಗೆಯುವುದಿಲ್ಲ. ಅವರು ಕಡ್ಡಿಯಂತಿದ್ದಾರೆ, ಇಳಿಸಲು ಏನೂ ಇಲ್ಲ. ಅವರಿಗೂ ಅವರ ತಮ್ಮನಿಗೂ ಆಸ್ತಿಯ ಕೇಸು ನಡೆಯುತ್ತಿದೆ, ಅದನ್ನು ಕೇಳಲು ಒಂದು ಕಿವಿ ಬೇಕು. ನನಗೋ ಹಾಸಿಗೆಯಿಂದ ಎಬ್ಬಿಸುವವರು ಬೇಕು. ಒಂದೇ ತೊಂದರೆ, ತಮ್ಮನ ಹೆಸರು ಬಂದ ಕೂಡಲೇ ಅವರು ರಸ್ತೆ ಮಧ್ಯೆ ನಿಂತುಬಿಡುತ್ತಾರೆ. ನಿಂತ ಹೊತ್ತನ್ನೂ 150 ನಿಮಿಷಕ್ಕೆ ಸೇರಿಸಬಹುದಾ ಅಂತ ಕೇಳಿದ್ದಕ್ಕೆ ಮೇಡಂ ಉತ್ತರ ಕೊಡಲಿಲ್ಲ.

ಇಳಿಸಿದ ತೂಕ ಉಳಿಸಿಕೊಳ್ಳುವುದು ಇನ್ನೂ ಕಷ್ಟ ಅಂತ ಮೇಡಂ ಮೊನ್ನೆ ಹೇಳಿದರು. ತೂಕ ಇಳಿದು ವರ್ಷವಾದರೂ ಹಸಿವಿನ ಹಾರ್ಮೋನುಗಳು ಮೊದಲಿನಂತೆ ಆಗುವುದಿಲ್ಲ, ಇನ್ನೂ ತಿನ್ನು ತಿನ್ನು ಅಂತಲೇ ಇರುತ್ತವೆ. ಹಾಗಾಗಿ ಈ ನಡಿಗೆ ವರ್ಷಗಟ್ಟಲೆ ಸಾಗಬೇಕಂತೆ. ಕೇಳಿ ಎದೆ ಧಸಕ್ಕೆಂದಿತು. ಯಾಕೆಂದರೆ ಕೇಸಿನ ತೀರ್ಪು ಮುಂದಿನ ತಿಂಗಳೇ ಇದೆ. ಪುಣ್ಯಕ್ಕೆ, ಸೋತರೆ ತಮ್ಮ ಮೇಲ್ಮನವಿ ಹಾಕುತ್ತಾನಂತೆ. ಗೆದ್ದರೆ ಇವರು ಹಾಕುತ್ತಾರೆ.