ಹೊಳೆ ಹರಿದತ್ತ ಸೈಕಲ್ಲು

ಸೈಕಲ್ಲಿನಲ್ಲಿ ಇಟಲಿ ಸುತ್ತೋಣ ಅಂದವನು ನಾನು. ಸುತ್ತೋಣ, ಆದರೆ ಆರಾಮಾಗಿ ಅಂದವಳು ನನ್ನಾಕೆ. ನಮ್ಮ ಜಗಳವೆಲ್ಲ ಆ 'ಆರಾಮಾಗಿ'ಯದ್ದೇ.

ಜೂನ್ ತಿಂಗಳಲ್ಲಿ ಮ್ಯೂನಿಕ್‌ಗೆ, ತಂಗಿಯ ಮಗಳ ಮನೆಗೆ ಹೋಗುವುದಿತ್ತು. ಅಲ್ಲಿಂದ ರೈಲು ಹತ್ತಿದರೆ ನಾಲ್ಕು ಗಂಟೆಗೆಲ್ಲ ಇಟಲಿಯ ಬೋಲ್ಜಾನೊ. ಆದರೆ ಇಟಲಿಯಲ್ಲಿ 20 ಪ್ರಾಂತ್ಯಗಳಿವೆ. ಅದರಲ್ಲಿ ಯಾವುದು? ಊಟದ ಮೇಜಿನ ತುಂಬ ಮ್ಯಾಪ್ ಹರಡಿಕೊಂಡಿತು. ಎರಡು ವಾರ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಉಂಡೆವು.

ನನ್ನ ವೋಟು ಟಸ್ಕನಿಗೆ. ಕ್ಯಾಲೆಂಡರಿನಲ್ಲಿ ನೋಡಿರ್ತೀರಲ್ಲ, ಹಸಿರು ಗುಡ್ಡ, ಗುಡ್ಡದ ನೆತ್ತಿಗೆ ಸೈಪ್ರೆಸ್ ಮರಗಳ ಸಾಲು, ಸಾಲಿನ ಕೊನೆಗೊಂದು ಕಲ್ಲಿನ ಮನೆ. ಆಕೆ ಕನ್ನಡಕ ಏರಿಸಿಕೊಂಡು ಊರುಗಳ ಹೆಸರು ಓದತೊಡಗಿದಳು.

"ಮೋಂತೆಪುಲ್ಚಾನೊ, ಮೋಂತಲ್ಚೀನೊ, ಮೋಂತೆರಿಜ್ಜೋನಿ... ರೀ, ಈ ಮೋಂತೆ ಅಂದ್ರೇನು?"

"ಬೆಟ್ಟ" ಅಂದೆ, ಮೆತ್ತಗೆ.

"ಹೆಸರಲ್ಲೇ ಬೆಟ್ಟ ಇಟ್ಕೊಂಡಿರೋ ಊರಿಗೆ ಯಾರಾದ್ರೂ ಸೈಕಲ್ ಹೊಡ್ಕೊಂಡು ಹೋಗ್ತಾರಾ?"

ಹೋಗ್ತಾರೆ. ಕಿಯಾಂತಿಯ ಗಯೋಲೆ ಅನ್ನೋ ಊರಿನಲ್ಲಿ 1997ರಿಂದ ಹಳೇ ಕಾಲದ ಸೈಕಲ್ಲುಗಳನ್ನೇ ಹತ್ತಿ ಬಿಳಿ ಮಣ್ಣುರಸ್ತೆಯಲ್ಲಿ ಗುಡ್ಡ ಹತ್ತಿಳಿಯುತ್ತಾರೆ ಅಂತ ಉತ್ಸಾಹದಿಂದ ಹೇಳಿದೆ. ಅದರ ಹೆಸರು 'ಲೆರೋಯಿಕಾ', ಅಂದರೆ ವೀರರದ್ದು ಅಂತಲೂ ಬಾಯಿಬಿಟ್ಟೆ. ಅಲ್ಲಿಗೆ ಟಸ್ಕನಿ ಮುಗಿಯಿತು. "ವೀರರು ಹೋಗಲಿ. ನಾವು ರಜಕ್ಕೆ ಹೋಗ್ತಿರೋದು" ಅಂದಳು.

ಸುಮ್ನಿರಲಾರದೆ ಸ್ಟೆಲ್ವಿಯೊ ಘಾಟಿಯ ಚಿತ್ರವನ್ನೂ ತೋರಿಸಿದ್ದೆ. ಒಂದು ಬದಿಯಿಂದ ಹತ್ತಿದರೆ 48 ತಿರುವು, ಮೇಲೆ ಮುಟ್ಟಿದಾಗ 2,750 ಮೀಟರಿಗೂ ಜಾಸ್ತಿ ಎತ್ತರ. ಆಕೆ ಏನೂ ಅನ್ನಲಿಲ್ಲ. ಆಗುಂಬೆಯ 14 ತಿರುವಿಗೇ ಬಸ್ಸಿನಲ್ಲಿ ನಿಂಬೆಹಣ್ಣು ಮೂಸುತ್ತಾ ಕೂತಿದ್ದ ಗಂಡನನ್ನು ಒಮ್ಮೆ ನೋಡಿದಳು, ಅಷ್ಟೇ.

ಪುಲಿಯಾ ಇಬ್ಬರಿಗೂ ಇಷ್ಟವಾಯಿತು. ಜಾಸ್ತಿ ಏರಿಲ್ಲ, ಎಲ್ಲಿ ನೋಡಿದರೂ ಆಲಿವ್ ಮರ. ಅಲ್ಬೆರೊಬೆಲ್ಲೊದ ಮನೆಗಳಂತೂ ಕಡಲೆಕಾಯಿ ಪೊಟ್ಟಣವನ್ನು ತಲೆಕೆಳಗಾಗಿ ಇಟ್ಟ ಹಾಗಿವೆ. ಆದರೆ ಅದು ಇಟಲಿ ಅನ್ನೋ ಬೂಟಿನ ಹಿಮ್ಮಡಿಯಲ್ಲಿದೆ. ಮ್ಯೂನಿಕ್‌ನಿಂದ ಹೋಗಿ ಬರುವುದರಲ್ಲೇ ರಜ ಮುಗಿಯುತ್ತದೆ.

ಆಕೆಯ ಬೆರಳು ಹೋಗಿ ನಿಂತದ್ದು ಪೋ ನದಿಯ ಬಯಲಿನ ಫೆರಾರಾದ ಮೇಲೆ. ಹೆಸರು ಕೇಳಿದರೆ ಕಾರಿನ ಊರು ಅನ್ನಿಸುತ್ತೆ, ಆದರೆ ಅದು ಸೈಕಲ್ಲಿನ ಊರು. ಹಳೇ ಕೋಟೆಗೋಡೆಯ ಸುತ್ತ ಸುಮಾರು 9 ಕಿಲೋಮೀಟರ್ ಸುತ್ತು ಹಾಕಬಹುದು, ತಟ್ಟೆಯ ಹಾಗೆ ಸಪಾಟು. ನಾನು ಮೂಗು ಮುರಿದೆ. ಆಲ್ಪ್ಸ್ ಬಾಗಿಲಲ್ಲಿ ನಿಂತು ಬಯಲು ನೋಡೋದಾ? "ಬರೀ ಸೊಳ್ಳೆ ಅಲ್ಲಿ" ಅಂದೆ.

ಕೊನೆಗೆ ರಾಜಿಯ ಸೂತ್ರ ತಂದವನೂ ನಾನೇ. ಬೋಲ್ಜಾನೊದಿಂದ ದಕ್ಷಿಣದ ತ್ರೆಂತೊಗೆ ಆದಿಜೆ ಹೊಳೆಯ ಪಕ್ಕದಲ್ಲೇ ಸೈಕಲ್ ದಾರಿ ಇದೆ, 65 ಕಿಲೋಮೀಟರ್ ಆಸುಪಾಸು. ಎರಡೂ ಕಡೆ ಬೆಟ್ಟ, ನಡುವೆ ನಾವು. "ಹೊಳೆ ಹರಿದತ್ತಲೇ ಹೋಗ್ತೀವಿ ಕಣೇ. ನೀರು ಎಲ್ಲಾದ್ರೂ ಏರು ಹತ್ತುತ್ತಾ?" ಈ ಮಾತಿಗೆ ಆಕೆ ಒಪ್ಪಿದಳು. ಗಂಟೆಗೆ ಎಂಟಾಣೆಯ ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿತವನು ನಾನು, ಅಂತ ಎದೆ ಉಬ್ಬಿಸಿಕೊಂಡೆ.

ಹೊರಟ ದಿನ ಬೆಳಿಗ್ಗೆ ಸೊಗಸಾಗಿತ್ತು. ಸೇಬಿನ ತೋಟ, ಮತ್ತೆ ಸೇಬಿನ ತೋಟ, ಪಕ್ಕದಲ್ಲಿ ಹೊಳೆಯ ಸದ್ದು. ಬೋರ್ಡುಗಳ ಮೇಲೆ ಪ್ರತಿ ಊರಿಗೂ ಜರ್ಮನ್ ಹೆಸರೊಂದು, ಇಟಾಲಿಯನ್ ಹೆಸರೊಂದು. ನಾವು ಹೊರಟಿದ್ದೇ ತಡವಾಗಿ. ಫೋಟೋಕ್ಕೆ ಅಂತ ನಿಲ್ಲಿಸಿದ್ದು ಇನ್ನೂ ಜಾಸ್ತಿ. ಓರಾ ಅನ್ನೋ ಊರು ಮುಟ್ಟುವಾಗ ಮಧ್ಯಾಹ್ನ ಒಂದು ಗಂಟೆ. ಬಾಳೆಹಣ್ಣು ಕೊಳ್ಳೋಣ ಅಂದರೆ ಅಂಗಡಿಗಳೆಲ್ಲ ಊಟಕ್ಕೆ ಬಾಗಿಲು ಹಾಕಿದ್ದವು. ತೆರೆದಿದ್ದ ಒಂದೇ ಕಾಫಿ ಅಂಗಡಿಗೆ ನುಗ್ಗಿದೆವು.

ನಾವು ತ್ರೆಂತೊ ಕಡೆ ಕೈ ತೋರಿಸಿದ್ದೇ ಅಂಗಡಿಯವರು ತಲೆ ಅಲ್ಲಾಡಿಸಿ "ಓರಾ" ಅಂದರು. ಗೊತ್ತು, ಬೋರ್ಡು ನೋಡಿದೆವು, ಇದು ಓರಾ ಅಂದೆ. ಅವರು ಮತ್ತೆ "ನೋ, ನೋ, ಓರಾ!" ಅಂದರು. ಮೊಬೈಲಿನಲ್ಲಿ ಹುಡುಕಿದೆ. ಇಟಾಲಿಯನ್ನಿನಲ್ಲಿ ಓರಾ ಅಂದರೆ 'ಈಗ'. "ಈಗಲೇ ಹೊರಡಿ ಅಂತಿದ್ದಾರೆ ಕಣೇ, ಪಾಪ" ಅಂದು ಆಕೆಯ ಕಾಫಿಯನ್ನೂ ಅರ್ಧಕ್ಕೇ ಬಿಡಿಸಿ ಎಬ್ಬಿಸಿದೆ.

ಓರಾ ಅಂದರೆ ಗಾಳಿ. ದಕ್ಷಿಣದ ಗಾರ್ದಾ ಸರೋವರದ ಕಡೆಯಿಂದ ಮಧ್ಯಾಹ್ನವಾದರೆ ಎದ್ದು ಈ ಕಣಿವೆಯಲ್ಲಿ ಉತ್ತರಕ್ಕೆ ನುಗ್ಗುವ ಗಾಳಿಗೆ ಅದೇ ಹೆಸರು. ಇದು ನಮಗೆ ಗೊತ್ತಾಗಿದ್ದು ರಾತ್ರಿ. ಸದ್ಯಕ್ಕೆ ಗೊತ್ತಾಗಿದ್ದು ಇಷ್ಟೇ: ಪೆಡಲು ತುಳಿದರೆ ಸೈಕಲ್ ನಿಂತಲ್ಲೇ ಇರುತ್ತೆ, ತುಳಿಯದಿದ್ದರೆ ಹಿಂದಕ್ಕೆ ಹೋಗುತ್ತೇನೋ ಅನ್ನಿಸುತ್ತೆ. ಎದುರಿಂದ ಬರುತ್ತಿದ್ದವರೆಲ್ಲ ಊರವರಿರಬೇಕು. ಬೆನ್ನಿಗೆ ಗಾಳಿ ಹಾಕಿಕೊಂಡು ನೆಟ್ಟಗೆ ಕೂತು, ಕಾಲು ಆಡಿಸದೆ ತೇಲಿ ಬರುತ್ತಿದ್ದರು. ಒಬ್ಬಾತನ ಒಂದು ಕೈಯಲ್ಲಿ ಐಸ್‌ಕ್ರೀಮು! ನಮ್ಮ ದಿಕ್ಕಿನಲ್ಲಿ ಹೋದವರು ಒಬ್ಬರೇ, ಎಪ್ಪತ್ತು ದಾಟಿದ ಅಜ್ಜಿ. ಅವರದ್ದು ಬ್ಯಾಟರಿ ಸೈಕಲ್ಲು. "ಚಾವ್" ಅಂದು ನಮ್ಮನ್ನು ದಾಟಿ ಹೋದರು.

ಆಕೆ ಸೈಕಲ್ ಇಳಿದು ಮೊಬೈಲು ತೆಗೆದಳು. "ಬೋಲ್ಜಾನೊ 262 ಮೀಟರ್. ತ್ರೆಂತೊ 194. 65 ಕಿಲೋಮೀಟರಿಗೆ ಬರೀ 68 ಮೀಟರ್ ಇಳಿಜಾರು. ರೀ, ನಮ್ಮ ಬಾತ್‌ರೂಮಿನ ನೆಲ ಇದಕ್ಕಿಂತ ಜಾಸ್ತಿ ಇಳಿಜಾರಾಗಿದೆ."

ಉತ್ತರ ಕೊಡಲು ಬಾಯಿ ತೆರೆದರೆ ಗಾಳಿ ಒಳಗೆ ಹೋಯಿತು.

ಸಲೋರ್ನೊದಲ್ಲಿ ರೈಲು ಹತ್ತಿದೆವು. ಅಲ್ಲಿನ ಲೋಕಲ್ ರೈಲುಗಳಲ್ಲಿ ಸೈಕಲ್ಲಿಗೂ ಜಾಗ ಇರುತ್ತೆ, ಸೈಕಲ್ಲಿಗೇ ಬೇರೆ ಟಿಕೆಟ್. ಕೂರುವ ಜಾಗ ನೋಯುತ್ತಿದ್ದರಿಂದ ನಾನು ನಿಂತೇ ಇದ್ದೆ. ಆಕೆ ಕಿಟಕಿ ಪಕ್ಕ ಕೂತು ಮ್ಯಾಪ್ ಬಿಡಿಸಿದಳು. ಬೆರಳು ಸರ್ರನೆ ಕೆಳಗೆ ಜಾರಿ ಬಯಲಿನಲ್ಲಿ ನಿಂತಿತು.

"ಫೆರಾರಾ. ಸಮುದ್ರಮಟ್ಟದಿಂದ 9 ಮೀಟರ್."

"ಸೊಳ್ಳೆ ಇರುತ್ತೆ" ಅಂದೆ.

"ಇರಲಿ ಬಿಡಿ. ಗಾಳಿ ಇಲ್ಲದ ಕಡೆ ತಾನೇ ಸೊಳ್ಳೆ ಇರೋದು?"