ಗುರುವಾರದವರು ಭಾನುವಾರ ಏಕೆ ಬರಬೇಕು?

ಇವತ್ತು ಆರಾಧನೆ ಮುಗಿದ ಮೇಲೆ ನಮ್ಮ ಪ್ಯಾರಿಷ್‌ನ, ಅಂದರೆ ನಾವು ಹೋಗುವ ಚರ್ಚಿನ, ವಾರ್ಷಿಕ ಸಭೆ ಇತ್ತು. ಮನೆಗೆ ಬಂದವಳು ಕೋಟು ಕೂಡ ಬಿಚ್ಚದೆ ಇದನ್ನು ಬರೆಯಲು ಕುಳಿತಿದ್ದೇನೆ. ಮಾತು ಒರಟಾದರೆ ಸಹಿಸಿಕೊಳ್ಳಿ. ತಣ್ಣಗಾದ ಮೇಲೆ ಬರೆ ಎಂದು ಗಂಡ ಹೇಳುತ್ತಿದ್ದಾರೆ. ನ್ಯೂಜೆರ್ಸಿಯ ಜನವರಿಯಲ್ಲಿ ಇದಕ್ಕಿಂತ ತಣ್ಣಗಾಗಲು ಸಾಧ್ಯವಿಲ್ಲ.

ಸಭೆ ಶುರುವಾದದ್ದು ಎಂದಿನಂತೆಯೇ. ಮಡಚುವ ಕುರ್ಚಿಗಳು, ನೀರುನೀರಾದ ಕಾಫಿ (ಚಿಕ್ಕಮಗಳೂರಿನ ಸ್ನೇಹಿತರು ಇದನ್ನು ಕುಡಿದರೆ ಪೊಲೀಸ್ ಠಾಣೆಗೆ ಹೋಗುತ್ತಾರೆ), ಯಾರೋ ಮಾಡಿ ತಂದ ನಿಂಬೆಯ ಕೇಕು. ವೆಸ್ಟ್ರಿಗೆ, ಅಂದರೆ ನಮ್ಮ ಊರಿನ ಸಭಾ ಕಮಿಟಿಯಂಥದ್ದಕ್ಕೆ, ಚುನಾವಣೆ ನಡೆಯಿತು. ಖಾಲಿ ಇದ್ದ ಸ್ಥಾನ ಮೂರು, ನಿಂತವರು ಮೂವರು, ಅವರಲ್ಲಿ ಇಬ್ಬರು ಒತ್ತಾಯಕ್ಕೆ ನಿಂತವರು. ಖಜಾಂಚಿ ಲೆಕ್ಕ ಓದಿದರು. ಕಟ್ಟಡದ ಉಸ್ತುವಾರಿ ಹೊತ್ತ ಜೂನಿಯರ್ ವಾರ್ಡನ್ ಬಾಯ್ಲರಿನ ಆರೋಗ್ಯದ ಬಗ್ಗೆ ಹೆತ್ತ ತಾಯಿಯ ಬಗ್ಗೆ ಮಾತನಾಡುವಂತೆ ಮಾತನಾಡಿದರು. ಅಲ್ಲಿಯವರೆಗೆ ನಾನು ಕೇಕು ತಿನ್ನುತ್ತಾ ಸುಖವಾಗಿಯೇ ಇದ್ದೆ.

ಆಮೇಲೆ ಹಿರಿಯರೊಬ್ಬರು ಎದ್ದು ಪರದೆಯ ಮೇಲೆ ಎರಡು ಗೆರೆ ತೋರಿಸಿದರು. ಒಂದು ಭಾನುವಾರದ ಸರಾಸರಿ ಹಾಜರಿ, ಇಳಿಯುತ್ತಿರುವುದು. ಇನ್ನೊಂದು ಗುರುವಾರದ ಆಹಾರ ವಿತರಣೆಯ ಖರ್ಚು, ಏರುತ್ತಿರುವುದು. ಎರಡನ್ನೂ ಕೋಲಿನಿಂದ ತೋರಿಸಿ ಕೇಳಿದರು: "ಇಷ್ಟು ವರ್ಷಗಳಿಂದ ಇವರಿಗೆ ಸಾಮಾನು ಕೊಡುತ್ತಿದ್ದೇವೆ. ಇವರಲ್ಲಿ ಎಷ್ಟು ಮಂದಿ ಭಾನುವಾರ ಬರುತ್ತಾರೆ?"

ಕೆಟ್ಟ ಮನುಷ್ಯರೇನಲ್ಲ. ನನ್ನ ಗಂಡ ಆಸ್ಪತ್ರೆಯಲ್ಲಿದ್ದಾಗ ಮನೆಯ ಮುಂದಿನ ಹಿಮ ತೆಗೆದುಕೊಟ್ಟವರು ಅವರೇ. ಪ್ರಶ್ನೆ ಕೇಳಿದ್ದಕ್ಕೆ ನನಗೆ ಕೋಪ ಬರಲಿಲ್ಲ. ಹಾಲಿನಲ್ಲಿ ಅರ್ಧದಷ್ಟು ಜನ ತಲೆಯಾಡಿಸಿದರಲ್ಲ, ಆಗ ಬಂತು.

ಈ ತಲೆ ಎಣಿಸುವ ಪದ್ಧತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಪಾದ್ರಿಯ ಪ್ರಸಂಗ ನಡೆಯುವಾಗ, ಜನರನ್ನು ಕೂರಿಸುವ ಅಷರ್ ಒಬ್ಬರು ಹಿಂದಿನ ಗೋಡೆಗೆ ಒರಗಿ ನಿಂತು ತುಟಿ ಅಲ್ಲಾಡಿಸುತ್ತಾ ಎಣಿಸುತ್ತಾರೆ. ಗಾಯಕವೃಂದ ಸೇರಬೇಕು, ಆರ್ಗನ್ ನುಡಿಸುವವರು ಸೇರಬೇಕು, ಶಿಶುಗಳ ಕೋಣೆಯಲ್ಲಿ ಅಳುತ್ತಿರುವ ಮಗುವೂ ಸೇರಬೇಕು. ಆ ಅಂಕಿ ಆರಾಧನೆಯ ದಾಖಲೆ ಪುಸ್ತಕಕ್ಕೆ ಹೋಗುತ್ತದೆ. ವರ್ಷಕ್ಕೊಮ್ಮೆ, ಮಾರ್ಚ್ 1ರ ಒಳಗೆ, ಅಮೆರಿಕದ ಆಂಗ್ಲಿಕನ್ ಶಾಖೆಯಾದ ನಮ್ಮ ಎಪಿಸ್ಕೋಪಲ್ ಚರ್ಚಿನ ಪ್ರತಿಯೊಂದು ಪ್ಯಾರಿಷ್ ಒಂದು ವರದಿ ಸಲ್ಲಿಸಬೇಕು. ಭಾನುವಾರದ ಸರಾಸರಿ ಅದರಲ್ಲಿ ಇರಲೇಬೇಕು. ಎಲ್ಲಿ ಇಬ್ಬರು ಎಪಿಸ್ಕೋಪಲಿಯನ್ನರು ಸೇರಿದರೂ "ನಿಮ್ಮಲ್ಲಿ ಎಷ್ಟು?" ಎಂದರೆ ಅದು ಈ ಸರಾಸರಿಯ ವಿಚಾರ. ನಮ್ಮ ಕಡೆಯ ಮದುವೆ ಮನೆಗಳಲ್ಲಿ ಸಂಬಳ ಕೇಳುವ ಹಾಗೆ, ಮೊದಲು ಸುತ್ತಿ ಬಳಸಿ, ಆಮೇಲೆ ನೇರವಾಗಿ.

ಸರಿ, ಭಾನುವಾರ ಎಣಿಸಿದಿರಿ. ಉಳಿದ ಆರು ದಿನ?

ಶನಿವಾರ ಬೆಳಿಗ್ಗೆ ಆಲ್ಟರ್ ಗಿಲ್ಡಿನವರು ಬರುತ್ತಾರೆ. ಹೆಚ್ಚಿನವರು ಎಪ್ಪತ್ತು ದಾಟಿದ ಹೆಂಗಸರು. ಬೆಳ್ಳಿಯ ಪಾತ್ರೆ ಉಜ್ಜುತ್ತಾರೆ, ಹಿತ್ತಾಳೆ ಉಜ್ಜುತ್ತಾರೆ, ಬತ್ತಿ ಕತ್ತರಿಸುತ್ತಾರೆ. ಕರ್ತನ ಭೋಜನದಲ್ಲಿ ಬಳಸಿದ ಬಟ್ಟೆಗಳನ್ನು ಮೊದಲು ನೀರಿನಲ್ಲಿ ಅದ್ದಿ, ಆ ನೀರನ್ನು ಚರಂಡಿಗೆ ಬಿಡದೆ ನೇರವಾಗಿ ಮಣ್ಣಿಗೆ ಸುರಿಯುತ್ತಾರೆ. ಪಾತ್ರೆಯ ಕೆಳಗೆ ಹಾಸುವ ಚೌಕವನ್ನು ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು, ಒಟ್ಟು ಒಂಬತ್ತು ಸಮಭಾಗ ಬರುವಂತೆ ಮಡಚಬೇಕು. ನಾನು ಮಡಚಿದ್ದನ್ನು ಒಬ್ಬರು ಅಜ್ಜಿ ಏನೂ ಹೇಳದೆ ಬಿಚ್ಚಿ ಮತ್ತೆ ಮಡಚುತ್ತಾರೆ. ಮಂಗಳೂರಿನಲ್ಲಿ ನನ್ನ ದೊಡ್ಡಮ್ಮನೂ ಹೀಗೆಯೇ ಮಾಡುತ್ತಿದ್ದರು, ಆದ್ದರಿಂದ ನನಗೆ ಅದು ಮನೆಯಂತೆಯೇ ಅನಿಸುತ್ತದೆ. ಇವರ ಈ ಬೆಳಗು ಯಾವ ಗೆರೆಯಲ್ಲಿಯೂ ಇಲ್ಲ.

ಬುಧವಾರ ಮಧ್ಯಾಹ್ನದ ಆರಾಧನೆಗೆ ಬೆರಳೆಣಿಕೆಯ ಜನ. ಕಾಯಿಲೆಯವರ ಹಣೆಗೆ ಎಣ್ಣೆ ಹಚ್ಚಿ ರೆಕ್ಟರ್, ಅಂದರೆ ನಮ್ಮ ಮುಖ್ಯ ಪಾದ್ರಿ, ಪ್ರಾರ್ಥಿಸುತ್ತಾರೆ. ಅದೇ ಸಂಜೆ ನೆಲಮಾಳಿಗೆಯಲ್ಲಿ ಕುಡಿತ ಬಿಟ್ಟವರ, ಬಿಡಲು ಹೆಣಗುತ್ತಿರುವವರ ಕೂಟ. ಅದು ಚರ್ಚಿನದಲ್ಲ, ಆಲ್ಕೊಹಾಲಿಕ್ಸ್ ಅನಾನಿಮಸ್‌ನವರದು. ಆದರೆ ಆ ಚಳವಳಿಯನ್ನು 1935ರಲ್ಲಿ ಕಟ್ಟಿದ ಇಬ್ಬರಲ್ಲಿ ಒಬ್ಬನಾದ ಬಿಲ್ ವಿಲ್ಸನ್‌ಗೆ ದಾರಿ ತೋರಿದವರಲ್ಲಿ ನ್ಯೂಯಾರ್ಕಿನ ಕ್ಯಾಲ್ವರಿ ಚರ್ಚಿನ ರೆಕ್ಟರ್ ಸ್ಯಾಮ್ಯುಯೆಲ್ ಶೂಮೇಕರ್ ಮುಖ್ಯರು. ಅವರೂ ನಮ್ಮ ಎಪಿಸ್ಕೋಪಲ್ ಪಾದ್ರಿಯೇ. ಅಂದಿನಿಂದ ಇಂದಿನವರೆಗೆ ಆ ನೆಲಮಾಳಿಗೆಗಳಿಂದ ಎಷ್ಟು ಗಂಡಂದಿರು ಎಚ್ಚರದಲ್ಲಿ ಮನೆಗೆ ಹೋಗಿದ್ದಾರೋ, ಎಷ್ಟು ಮಕ್ಕಳು ಏಟು ತಿನ್ನದೆ ಮಲಗಿದ್ದಾರೋ. ಹಿಂದಿನ ಗೋಡೆಗೆ ಒರಗಿ ನಿಂತು ಅದನ್ನು ಎಣಿಸಲು ಆಗುವುದಿಲ್ಲ.

ಇನ್ನು ಗುರುವಾರ.

ಬೆಳಿಗ್ಗೆ ಆಹಾರ ಬ್ಯಾಂಕಿನ ಲಾರಿ ಬರುತ್ತದೆ. ಡಬ್ಬಿಗಳು, ಪೀನಟ್ ಬಟರ್, ಹಾಲು, ಕೋಸು, ಒಮ್ಮೊಮ್ಮೆ ಹರಿದ ಚೀಲದಿಂದ ಉರುಳಿ ಹೋಗುವ ಈರುಳ್ಳಿ. ಬಾಗಿಲು ತೆರೆಯುವ ಹೊತ್ತಿಗೆ ಸಾಲು ರಸ್ತೆಯ ತಿರುವು ದಾಟಿರುತ್ತದೆ. ತಿಂಗಳ ಕೊನೆಯ ವಾರ ಇನ್ನೂ ಉದ್ದ, ಏಕೆಂದರೆ ಸರ್ಕಾರದ ಆಹಾರ ಕಾರ್ಡಿನಲ್ಲಿ ಬಂದ ಹಣ ಅಷ್ಟು ಹೊತ್ತಿಗೆ ಮುಗಿದಿರುತ್ತದೆ. ಸಾಲಿನಲ್ಲಿ ಯಾರು ಎಂದು ಕೇಳುವವರು ಒಮ್ಮೆ ಬಂದು ನಿಂತು ನೋಡಬೇಕು. ವೃದ್ಧರ ಮನೆಗಳಲ್ಲಿ ಮೈ ಒರೆಸುವ ಕೆಲಸದವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಬಾಡಿಗೆ ಕಟ್ಟಿದ ಮೇಲೆ ಔಷಧಿಯೋ ಊಟವೋ ಎಂದು ಆರಿಸಬೇಕಾದ ಮುದುಕರು. ಭಾನುವಾರ ಏಕೆ ಬರುವುದಿಲ್ಲ ಎಂದು ಕೇಳಿದಿರಲ್ಲ? ಭಾನುವಾರ ಅವರಿಗೆ ಪಾಳಿ ಇರುತ್ತದೆ ಸ್ವಾಮಿ. ಆರಾಧನೆ ಮುಗಿಸಿ ನಾವು ಮಧ್ಯಾಹ್ನದ ಊಟಕ್ಕೆ ಹೋಗುತ್ತೇವಲ್ಲ, ಆ ಹೋಟೆಲಿನ ಒಳಕೋಣೆಯಲ್ಲಿ ನಮ್ಮ ತಟ್ಟೆ ತೊಳೆಯುತ್ತಿರುವವರು ಅವರೇ. ಪಾಳಿ ಇಲ್ಲದವರು ತಮ್ಮ ತಮ್ಮ ಚರ್ಚಿಗೆ ಹೋಗುತ್ತಾರೆ. ಬಹಳಷ್ಟು ಜನ ಕ್ಯಾಥೊಲಿಕರು, ಕೆಲವರು ಪೆಂಟೆಕೋಸ್ಟಲ್ ಸಭೆಯವರು, ಒಂದು ಮುಸ್ಲಿಂ ಕುಟುಂಬವೂ ಇದೆ. ಅವರಿಗೆ ದೇವರು ಇದ್ದಾನೆ. ಇಲ್ಲದಿರುವುದು ಈರುಳ್ಳಿ.

ಇಲ್ಲಿ ನನಗೆ ನಗುವೂ ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ. ನಾನು ಬಾಸೆಲ್ ಮಿಷನ್ ಸಂತತಿಯವಳು ಎಂದು ನಿಮಗೆಲ್ಲ ಗೊತ್ತು. ಶಾಲೆಯಲ್ಲಿದ್ದಾಗಿನಿಂದ ಒಂದು ಮಾತು ಕೇಳಿಸಿಕೊಂಡೇ ಬೆಳೆದೆ: ನಿಮ್ಮವರು ಅನ್ನ ಕೊಟ್ಟು ಜಾತಿ ಕೆಡಿಸಿದರು, ಹಾಲಿನ ಪುಡಿ ಕೊಟ್ಟು ಜನ ಸೇರಿಸಿದರು. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನ್‌ನವರು ನೇಯ್ಗೆ, ಹಂಚಿನ ಕಾರ್ಖಾನೆ ಹಾಕಿದ್ದು ಮತ ಬದಲಿಸಿ ಕುಲಕಸುಬು, ಆಸರೆ ಕಳೆದುಕೊಂಡವರಿಗೆ ಹೊಟ್ಟೆಗೆ ದಾರಿಯಾಗಲಿ ಎಂದು. ಅದನ್ನು ನಾನು ಹೇಳಿದಾಗಲೆಲ್ಲ ಎದುರಿನವರು ಅರ್ಥಗರ್ಭಿತವಾಗಿ ನಕ್ಕಿದ್ದಾರೆ. 2022ರಲ್ಲಿ ಕರ್ನಾಟಕದಲ್ಲಿ ಬಂದ ಮತಾಂತರ ಕಾಯ್ದೆಯಲ್ಲಿ ಉಡುಗೊರೆ, ಉದ್ಯೋಗ, ಉಚಿತ ಶಿಕ್ಷಣ ಎಲ್ಲವೂ ಆಮಿಷದ ಪಟ್ಟಿ ಸೇರಿದವು. ಆಗ ಇದೇ ನನ್ನ ಪುಟದ ಗೋಡೆಯ ಮೇಲೆ ಎಷ್ಟು ಜನರೊಂದಿಗೆ ಜಗಳವಾಡಿದೆ, ಎಷ್ಟು ಜನ ನನ್ನನ್ನು ಬಿಟ್ಟು ಹೋದರು, ನೆನಪಿದೆಯಲ್ಲ? "ಹಸಿದವರಿಗೆ ಕೊಡುವುದು ಕೊಡುವುದಕ್ಕಾಗಿಯೇ, ಎಳೆದು ತರುವುದಕ್ಕಲ್ಲ" ಎಂದು ನಾನು ಗಂಟಲು ಹರಿದುಕೊಂಡೆ.

ಈಗ ಸಮುದ್ರ ದಾಟಿ ಬಂದು ಕುಳಿತರೆ, ನಮ್ಮವರೇ ಒಬ್ಬರು ಎದ್ದು ನಿಂತು, ಕೊಟ್ಟರೂ ಬರುತ್ತಿಲ್ಲವಲ್ಲ ಎಂದು ಕೊರಗುತ್ತಾರೆ. ಅಲ್ಲಿ ನಮ್ಮ ಮೇಲಿದ್ದ ಆರೋಪ, ಇಲ್ಲಿ ನಮ್ಮ ಕೊರಗು. ಊರಿನ ಆ ಹಳೆಯ ವಿರೋಧಿಗಳು ಇವತ್ತು ಹಾಲಿನಲ್ಲಿದ್ದಿದ್ದರೆ ನನ್ನ ಮುಖ ನೋಡಿ, "ಈಗ ಏನು ಹೇಳುತ್ತೀಯಮ್ಮ?" ಎಂದು ಕೇಳುತ್ತಿದ್ದರು. ನನ್ನಲ್ಲಿ ಉತ್ತರ ಇರುತ್ತಿರಲಿಲ್ಲ.

ಇದು ಯಾವ ಚರ್ಚು ಎಂಬುದನ್ನಾದರೂ ಆ ಹಿರಿಯರು ನೆನೆಯಬೇಕಿತ್ತು. ಪ್ರತಿ ಭಾನುವಾರ ಆರಾಧನೆಯ ಕೊನೆಯಲ್ಲಿ ಡೀಕನ್ ಬಾಗಿಲ ಬಳಿ ನಿಂತು ನಮ್ಮನ್ನು ಹೊರಗೆ ಕಳುಹಿಸುತ್ತಾರೆ: ಹೋಗಿ, ಕರ್ತನನ್ನು ಪ್ರೀತಿಸಿ, ಸೇವಿಸಿ ಎಂದು. ಒಳಗೇ ಕುಳಿತಿರಿ ಎಂದು ಯಾರೂ ಹೇಳುವುದಿಲ್ಲ. ಆ ಡೀಕನ್‌ಗೆ ದೀಕ್ಷೆ ಕೊಡುವಾಗ ಬಿಷಪ್ ಒಪ್ಪಿಸುವ ಕೆಲಸವೇ ಬಡವರ, ದುರ್ಬಲರ, ರೋಗಿಗಳ, ಒಂಟಿಯವರ ಸೇವೆ. 1979ರ ಪ್ರಾರ್ಥನಾ ಪುಸ್ತಕದಲ್ಲಿ ದೀಕ್ಷಾಸ್ನಾನದ ಪ್ರತಿಜ್ಞೆ ಇದೆ. ಎಲ್ಲ ಮನುಷ್ಯರಲ್ಲಿಯೂ ಕ್ರಿಸ್ತನನ್ನು ಹುಡುಕಿ ಸೇವಿಸುತ್ತೇವೆ, ಪ್ರತಿಯೊಬ್ಬರ ಘನತೆಯನ್ನು ಗೌರವಿಸುತ್ತೇವೆ ಎಂದು ನಾವೆಲ್ಲ ನಿಂತು ಹೇಳುತ್ತೇವೆ. ತಲೆಯಾಡಿಸಿದವರೂ ಹೇಳಿದ್ದಾರೆ, ಗಟ್ಟಿ ದನಿಯಲ್ಲಿ.

ರೊಟ್ಟಿಗಾಗಿ ತನ್ನನ್ನು ಹುಡುಕಿ ಬಂದ ಜನರನ್ನು ಯೇಸುವೇ ಗದರಿಸಿದನಲ್ಲ, ಯೋಹಾನನ ಆರನೆಯ ಅಧ್ಯಾಯ ಓದು ಎನ್ನುವ ಬುದ್ಧಿವಂತರಿದ್ದಾರೆ. ಓದಿದ್ದೇನೆ. ಗದರಿಸಿದ್ದು ಮರುದಿನ. ಹಿಂದಿನ ದಿನ ಎಲ್ಲರಿಗೂ ತೃಪ್ತಿಯಾಗುವಷ್ಟು ಬಡಿಸಿದ್ದ, ಹನ್ನೆರಡು ಪುಟ್ಟಿ ಉಳಿದಿತ್ತು. ಅಂದ ಹಾಗೆ, ಆ ದಿನ ಉಂಡವರು ಐದು ಸಾವಿರ ಗಂಡಸರು, ಹೆಂಗಸರೂ ಮಕ್ಕಳೂ ಬೇರೆ ಎಂದು ಮತ್ತಾಯ ಬರೆಯುತ್ತಾನೆ. ಎಣಿಸುವವರ ಕಣ್ಣಿಗೆ ಕೆಲವರು ಆಗಲೂ ಬಿದ್ದಿರಲಿಲ್ಲ.

ಹಣದ ಮಾತನ್ನೂ ಎತ್ತಿಬಿಡುತ್ತೇನೆ, ಇಲ್ಲದಿದ್ದರೆ ಖಜಾಂಚಿಯ ಕಷ್ಟ ನಿನಗೇನು ಗೊತ್ತು ಎನ್ನುತ್ತೀರಿ. ಗೊತ್ತು. 1960ರ ದಶಕದ ನಡುವೆ ಸುಮಾರು 34 ಲಕ್ಷ ಸದಸ್ಯರಿದ್ದ ಎಪಿಸ್ಕೋಪಲ್ ಚರ್ಚು ಈಗ 16 ಲಕ್ಷದ ಒಳಗಿದೆ. ಪ್ರತಿ ಶರತ್ಕಾಲದಲ್ಲಿ, ವರ್ಷಕ್ಕೆ ಇಷ್ಟು ಕೊಡುತ್ತೇವೆ ಎಂಬ ವಚನಕಾರ್ಡು ತುಂಬಿ ಕೊಡುವವರು ಭಾನುವಾರದವರೇ; ಬಾಯ್ಲರು, ಸೂರು, ರೆಕ್ಟರ್ ಸಂಬಳ, ಎಲ್ಲಕ್ಕೂ ಅದೇ ಹಣ. ಭಾನುವಾರ ಬತ್ತಿದರೆ ಗುರುವಾರವೂ ಬತ್ತುತ್ತದೆ. ನಿಜವೇ. ಆದರೆ ಇದಕ್ಕೆ ಮದ್ದು ಗುರುವಾರವನ್ನು ಮುಚ್ಚುವುದೇ? ಬಾಗಿಲು ಮುಚ್ಚಿದರೆ ಮುಂದಿನ ಭಾನುವಾರ ಬೆಂಚುಗಳು ತುಂಬುತ್ತವೆಯೇ? ನದಿಯ ಆಚೆ, ಮ್ಯಾನ್‌ಹಟನ್‌ನಲ್ಲಿ, ಹೋಲಿ ಅಪಾಸಲ್ಸ್ ಎಂಬ ಎಪಿಸ್ಕೋಪಲ್ ಚರ್ಚು ಇದೆ. 1982ರಲ್ಲಿ ಹಸಿದವರಿಗೆ ಊಟ ಹಾಕಲು ಶುರು ಮಾಡಿದಾಗ ಅದರ ಸ್ಥಿತಿ ನಮ್ಮದಕ್ಕಿಂತ ಮೇಲೇನೂ ಇರಲಿಲ್ಲ. 1990ರಲ್ಲಿ ಬೆಂಕಿ ಬಿತ್ತು. ದುರಸ್ತಿಯಾದ ಮೇಲೆ ಅವರು ಹಳೆಯ ಬೆಂಚುಗಳನ್ನು ಮತ್ತೆ ಹಾಕಿಸಲಿಲ್ಲ. ಆರಾಧನೆ ನಡೆಯುವ ಜಾಗದಲ್ಲಿಯೇ ಮೇಜು ಹಾಕಿ ಊಟ ಬಡಿಸತೊಡಗಿದರು. ಆ ಚರ್ಚು ಇನ್ನೂ ಇದೆ. ನಮ್ಮಲ್ಲಿಯಾದರೋ ಕೊನೆಯ ಸಾಲಿನ ಬೆಂಚು ಸರಿಸಬೇಕೆಂದರೂ ಮೂರು ತಿಂಗಳ ಚರ್ಚೆ.

ಗುರುವಾರ ಅಷ್ಟೊಂದು ಪವಿತ್ರ ಎಂದು ನಾನು ನಟಿಸುವುದಿಲ್ಲ. ಅಲ್ಲಿಗೆ ಬರುವ ಒಬ್ಬ ಮುದುಕನನ್ನು ಕಂಡರೆ ನನಗೆ ಆಗುವುದೇ ಇಲ್ಲ. ಪ್ರತಿ ಡಬ್ಬಿ ಎತ್ತಿ ತಾರೀಕು ಓದುತ್ತಾನೆ, ಹಿಂದೆ ಸಾಲು ನಿಂತಿರುತ್ತದೆ, ಕೊನೆಗೆ ನನ್ನ ಮುಖದ ಮುಂದೆಯೇ ಅದನ್ನು ವಾಪಸು ಇಡುತ್ತಾನೆ. ಅವನ ಘನತೆಯನ್ನು ಗೌರವಿಸಲು ನನಗೆ ಪ್ರತಿ ವಾರ ಹಲ್ಲು ಕಚ್ಚಬೇಕಾಗುತ್ತದೆ.

ಇನ್ನೊಂದು ಮಾತು. ಇದನ್ನು ಯಾರಿಗೂ ಹೇಳಿರಲಿಲ್ಲ. ಅಮ್ಮ ತೀರಿಕೊಂಡ ವರ್ಷ, ಮಂಗಳೂರಿಗೆ ಹೋಗಿ ಮಣ್ಣು ಹಾಕಲೂ ಆಗದ ಆ ವರ್ಷ, ನಾನು ತಪ್ಪದೆ ಭಾನುವಾರ ಹೋಗುತ್ತಿದ್ದೆ. ಎದ್ದು ನಿಲ್ಲುವಾಗ ನಿಂತೆ, ಮೊಣಕಾಲೂರುವಾಗ ಊರಿದೆ, ಒಂದೇ ಒಂದು ಪ್ರಾರ್ಥನೆಯನ್ನೂ ಮಾಡಲಿಲ್ಲ. ಒಳಗೆ ಏನೂ ಇರಲಿಲ್ಲ. ಅಷರ್ ಪ್ರತಿ ವಾರ ನನ್ನನ್ನು ಎಣಿಸಿದರು. ಆ ಇಳಿಯುವ ಗೆರೆಯನ್ನು ಸ್ವಲ್ಪ ಎತ್ತಿ ಹಿಡಿದವರಲ್ಲಿ ನಾನೂ ಒಬ್ಬಳು. ಅದೇ ವರ್ಷ ಗುರುವಾರದ ಸಾಲಿನ ಹೆಂಗಸೊಬ್ಬರು, ಗ್ವಾಟೆಮಾಲದವರು, ನನ್ನ ಮುಖ ನೋಡಿ ವಿಚಾರಿಸಿದರು. ಅಮ್ಮನ ಹೆಸರು ಕೇಳಿದರು. ಎರಡು ಸಲ ಹೇಳಿಸಿಕೊಂಡು ಉಚ್ಚಾರ ಸರಿ ಮಾಡಿಕೊಂಡರು. ಮುಂದಿನ ವಾರ ಬಂದವರು, ಭಾನುವಾರ ತಮ್ಮ ಪೂಜೆಯಲ್ಲಿ ಆ ಹೆಸರಿಗೆ ಮೇಣದಬತ್ತಿ ಹಚ್ಚಿದ್ದಾಗಿ ಹೇಳಿದರು. ಅವರು ನಮ್ಮ ಭಾನುವಾರಕ್ಕೆ ಇವತ್ತಿನವರೆಗೆ ಬಂದಿಲ್ಲ. ಬರಬೇಕಾಗಿಯೂ ಇಲ್ಲ.

ಗುರುವಾರದ ವಿಷಯ ಈಗ ವೆಸ್ಟ್ರಿಯ ಫೆಬ್ರವರಿ ಸಭೆಗೆ ಹೋಗಿದೆ. ನನಗೆ ಅಲ್ಲಿ ಮತವಿಲ್ಲ, ಬಾಯಿ ಇದೆ. ಈ ಬರಹವನ್ನು ನಮ್ಮ ಪ್ಯಾರಿಷ್‌ನವರು ಓದಲಾರರು ಎಂಬ ಧೈರ್ಯದಿಂದ ಬರೆದಿದ್ದೇನೆ. ಅನುವಾದದ ಗುಂಡಿ ಒತ್ತಿ ಓದಿದರೆ ಓದಲಿ, ನಿಂಬೆಯ ಕೇಕು ಚೆನ್ನಾಗಿತ್ತು ಎಂಬುದೂ ಅವರಿಗೆ ತಿಳಿಯಲಿ.

ಹತ್ತಿರದಲ್ಲಿರುವ ಕನ್ನಡದವರು ಗುರುವಾರ ಬೆಳಿಗ್ಗೆ ಬಿಡುವಿದ್ದರೆ ಸಂದೇಶ ಕಳುಹಿಸಿ, ಲಾರಿ ಇಳಿಸಲು ಗಟ್ಟಿ ಕೈಗಳು ಬೇಕು. ಯಾವ ಧರ್ಮದವರಾದರೂ ಸರಿ, ಯಾರೂ ಭಾನುವಾರ ಬನ್ನಿ ಎಂದು ಕರೆಯುವುದಿಲ್ಲ. ಅಕ್ಕಿ, ಕಪ್ಪು ಹುರುಳಿಯ ಡಬ್ಬಿ, ಅಡುಗೆ ಎಣ್ಣೆ ತನ್ನಿ. ದಯವಿಟ್ಟು ಉಪ್ಪಿನಕಾಯಿ ತರಬೇಡಿ. ಹೋದ ವರ್ಷ ಯಾರೋ ಕೊಟ್ಟ ಮಾವಿನ ಉಪ್ಪಿನಕಾಯಿಯ ಬಾಟಲಿಗಳನ್ನು ಆ ಮುದುಕನ ಹೊರತು ಯಾರೂ ಮುಟ್ಟಲಿಲ್ಲ.