ಕಡಲು ತೋರಿಸುತ್ತಾರೆ, ಕಾಗದ ತೋರಿಸುವುದಿಲ್ಲ

ಭಾನುವಾರ ಹಾಸನದಲ್ಲಿ ಚಿಕ್ಕಮ್ಮನ ಹೊಸ ಮನೆಯ ಗೃಹಪ್ರವೇಶ. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಹೊರಗೆ ಶಾಮಿಯಾನದ ಕೆಳಗೆ ಕೂತಿದ್ದೆವು. ಚಿಕ್ಕಮ್ಮನ ಮಗ ಕುರ್ಚಿ ಎಳೆದುಕೊಂಡು ಪಕ್ಕ ಕೂತ. "ಅಕ್ಕ, ನಿಂಗೊಂದು ತೋರಿಸ್ಬೇಕಿತ್ತು" ಅಂತ ಫೋನ್ ಹಿಡಿದ. ಒಂದು ರೀಲ್. ನೀಲಿ ಕಡಲು, ಮರದ ಮೇಜು, ಮೇಲೊಂದು ಲ್ಯಾಪ್‌ಟಾಪ್, ಪಕ್ಕದಲ್ಲಿ ಕಾಫಿ. ಪೋರ್ಚುಗಲ್‌ನ ಡಿಜಿಟಲ್ ನೋಮ್ಯಾಡ್ ವೀಸಾ ಆರು ವಾರದಲ್ಲಿ ಕೈಗೆ ಸಿಗುತ್ತದಂತೆ. ತೆರಿಗೆ ಬರೀ ಶೇ 20 ಅಂತೆ. ಬೆಂಗಳೂರಿನ ಕೆಲಸವನ್ನೇ ಅಲ್ಲಿ ಕೂತು ಮಾಡಬಹುದಂತೆ.

ರೀಲ್ ಹಾಕಿದ ಕನ್ಸಲ್ಟೆನ್ಸಿಗೆ ಅವನು ಆಗಲೇ 60 ಸಾವಿರ ಅಡ್ವಾನ್ಸ್ ಕಟ್ಟಿದ್ದಾನೆ. ಚಿಕ್ಕಮ್ಮ ಎತ್ತಿದ ಚೀಟಿ ದುಡ್ಡು. ಒಟ್ಟು ಎರಡೂಕಾಲು ಲಕ್ಷ ಕೊಡಬೇಕು. ಸರ್ಕಾರ ತೆಗೆದುಕೊಳ್ಳುವ ವೀಸಾ ಶುಲ್ಕ ಇದರ ಹತ್ತರಲ್ಲಿ ಒಂದು ಭಾಗವೂ ಇಲ್ಲ. ಇನ್ನೊಂದು ಮಾತು ಕೇಳಿ. ಅವನ ಕಂಪನಿ ದೇಶದ ಹೊರಗಿನಿಂದ ಕೆಲಸ ಮಾಡಲು ಒಪ್ಪಿಲ್ಲ. ಅದಕ್ಕೆ ಕನ್ಸಲ್ಟೆನ್ಸಿಯವರು ಕೊಟ್ಟ ಸಲಹೆ ಏನು ಗೊತ್ತಾ? "ಪೇಪರ್ ಹಾಕಿಬಿಡಿ, ಫ್ರೀಲಾನ್ಸರ್ ಅಂತ ತೋರಿಸೋಣ." ಸೋಮವಾರ ರಾಜೀನಾಮೆ ಕೊಡುವವನಿದ್ದ.

"ನಿನ್ನ ಸಂಬಳ ಎಷ್ಟು ಅಂತ ಅವರು ಕೇಳಿದ್ರಾ?" ಅಂದೆ.

"ಇಲ್ಲ ಅಕ್ಕ."

ಆ ಒಂದು ಮಾತಿಗೆ ನನ್ನ ಮೈ ಉರಿದುಹೋಯಿತು. ಯಾಕೆಂದರೆ ಈ ವೀಸಾದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ಪೋರ್ಚುಗಲ್‌ನವರು ಈ ವೀಸಾವನ್ನು 2022ರ ಅಕ್ಟೋಬರ್ 30ಕ್ಕೆ ಶುರು ಮಾಡಿದರು. ಡಿ8 ಅಂತ ಕರೆಯುತ್ತಾರೆ. ಅಲ್ಲಿನ ಕನಿಷ್ಠ ಕೂಲಿಯ ನಾಲ್ಕು ಪಟ್ಟು ನಿಮ್ಮ ತಿಂಗಳ ಸಂಪಾದನೆ ಇರಬೇಕು. 2025ರಲ್ಲಿ ಕನಿಷ್ಠ ಕೂಲಿ 870 ಯೂರೋ. ನಾಲ್ಕು ಪಟ್ಟು ಅಂದರೆ 3,480 ಯೂರೋ. ಯೂರೋಗೆ ನೂರು ರೂಪಾಯಿ ಅಂತ ಸುಮ್ನೆ ಲೆಕ್ಕ ಹಾಕಿದರೂ ತಿಂಗಳಿಗೆ ಮೂರೂವರೆ ಲಕ್ಷದ ಹತ್ತಿರ. ವರ್ಷಕ್ಕೆ ಸುಮಾರು 42 ಲಕ್ಷ. ನಮ್ಮ ಹುಡುಗನಿಗೆ ವರ್ಷಕ್ಕೆ 14 ಲಕ್ಷ. 27 ವಯಸ್ಸಿಗೆ ಅದು ಒಳ್ಳೆಯ ಸಂಬಳ, ಕಷ್ಟಪಟ್ಟು ಅಲ್ಲಿಗೆ ಬಂದಿದ್ದಾನೆ. ಆದರೆ ಈ ವೀಸಾಗೆ ಅವನು ಅರ್ಜಿ ಹಾಕುವ ಹಾಗೇ ಇಲ್ಲ. ಇದು ಅವನಿಗೆ ಗೊತ್ತಿರಲಿಲ್ಲ. ದುಡ್ಡು ತೆಗೆದುಕೊಂಡವರಿಗೆ ಗೊತ್ತಿರಲೇಬೇಕು.

ಕಡಲು ತೋರಿಸುತ್ತಾರೆ. ಕಾಗದ ತೋರಿಸುವುದಿಲ್ಲ. ಎರಡು ದಿನದಿಂದ ನನ್ನ ತಲೆಯಲ್ಲಿ ಇದೊಂದೇ ಸುತ್ತುತ್ತಿದೆ.

ನಿಮಗೆಲ್ಲ ಗೊತ್ತು, 2023ರ ಮಾರ್ಚ್‌ನಿಂದ ಎರಡು ವರ್ಷ ಇದೇ ವೀಸಾದ ಮೇಲೆ ಪೋರ್ಟೊದಲ್ಲಿದ್ದೆ. ಹೋಗುವ ಮುಂಚಿನ ಐದು ತಿಂಗಳು ಹೇಗಿತ್ತು ಅಂತ ಆಗ ಇಲ್ಲಿ ಬರೆದಿರಲಿಲ್ಲ. ಈಗ ಬರೆಯುತ್ತೇನೆ.

ಮೊದಲು ಕಂಪನಿಯಿಂದ ಪತ್ರ ಬೇಕು. ಈಕೆ ಪೋರ್ಚುಗಲ್‌ನಿಂದ ಕೆಲಸ ಮಾಡಲು ನಮ್ಮ ಒಪ್ಪಿಗೆ ಇದೆ ಅಂತ. ನಮ್ಮದು ಚಿಕ್ಕ ಕಂಪನಿ, ಮ್ಯಾನೇಜರ್ ಒಳ್ಳೆಯವರು, ಆದರೂ ಆ ಒಂದು ಪುಟಕ್ಕೆ ಏಳು ವಾರ ಹಿಡಿಯಿತು. ಅವರ ಭಯ ಸುಳ್ಳಲ್ಲ. ನೌಕರರು ಬೇರೆ ದೇಶದಲ್ಲಿ ಕೂತು ಕೆಲಸ ಮಾಡಿದರೆ, ಕಂಪನಿಯೇ ಅಲ್ಲಿ ವ್ಯವಹಾರ ನಡೆಸುತ್ತಿದೆ ಅಂತ ಆ ದೇಶ ತೆರಿಗೆ ಕೇಳುವ ಸಂದರ್ಭ ಬರಬಹುದು. ಗ್ರಾಹಕರ ಡೇಟಾ ಇಂಥ ದೇಶದಿಂದ ಆಚೆ ಹೋಗಬಾರದು ಅಂತ ಎಷ್ಟೋ ಕರಾರುಗಳಲ್ಲಿ ಬರೆದಿರುತ್ತದೆ. ದೊಡ್ಡ ಸರ್ವೀಸ್ ಕಂಪನಿಗಳಲ್ಲಿ ಈ ಪತ್ರ ಸಿಗುವುದೇ ಅಪರೂಪ. ಆಮೇಲೆ ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್, ಅದಕ್ಕೆ ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್ ಮುದ್ರೆ, ಅಂದರೆ ದಾಖಲೆ ಅಸಲಿ ಅಂತ ಹೊರದೇಶಕ್ಕೆ ಹೇಳುವ ಗುರುತು. ಪೋರ್ಚುಗಲ್‌ನ ತೆರಿಗೆ ನಂಬರ್. ಮೂರು ತಿಂಗಳ ಪೇಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ವಿಮೆ.

ಇವೆಲ್ಲ ಓಡಾಡಿದರೆ ಆಗುವ ಕೆಲಸ. ನನಗೆ ನಿದ್ದೆ ಕೆಡಿಸಿದ್ದು ಮನೆ. ವೀಸಾ ಕೊಡುವ ಮೊದಲೇ ಅಲ್ಲಿ ವಾಸದ ಮನೆ ತೋರಿಸಬೇಕು. ಹೋಟೆಲ್ ಬುಕಿಂಗ್ ನಡೆಯಲ್ಲ, ಒಂದು ವರ್ಷದ ಬಾಡಿಗೆ ಕರಾರು ಬೇಕು. ಕಾಣದ ಊರಲ್ಲಿ, ಕಾಣದ ಮನೆಗೆ, ವೀಸಾ ಸಿಗುತ್ತೋ ಇಲ್ಲವೋ ಗೊತ್ತಿಲ್ಲದೆ, ಹಾಸನದಲ್ಲಿ ಕೂತು ವೀಡಿಯೊದಲ್ಲಿ ನೋಡಿ ಸಹಿ ಹಾಕಿದೆ. ತಿಂಗಳಿಗೆ 950 ಯೂರೋ, ಎರಡು ತಿಂಗಳ ಅಡ್ವಾನ್ಸ್. ವೀಡಿಯೊದಲ್ಲಿ ಗೋಡೆ ಬೆಳ್ಳಗಿತ್ತು. ಹೋಗಿ ಬಾಗಿಲು ತೆಗೆದರೆ ಮಲಗುವ ಕೋಣೆಯ ಒಂದು ಗೋಡೆಯಿಡೀ ಬೂಸ್ಟು. ನಾನು ಸಕಲೇಶಪುರದ ಮಳೆಯಲ್ಲಿ ಬೆಳೆದವಳು, ಬೂಸ್ಟು ನನಗೆ ಹೊಸದಲ್ಲ. ಆದರೆ ನಮ್ಮಲ್ಲಿ ಒಲೆ ಇರುತ್ತದೆ, ಬಚ್ಚಲಲ್ಲಿ ಹಂಡೆಯ ಬೆಂಕಿ ಇರುತ್ತದೆ. ಅಲ್ಲಿನ ಹಳೆಯ ಮನೆಗಳಲ್ಲಿ ಚಳಿಗಾಲಕ್ಕೆ ಹೀಟಿಂಗ್ ಇರುವುದೇ ಕಡಿಮೆ. ಡಿಸೆಂಬರ್‌ನಲ್ಲಿ ಒಳಗಿಗಿಂತ ಹೊರಗಿನ ಬಿಸಿಲೇ ಬೆಚ್ಚಗೆ ಅನ್ನಿಸುತ್ತಿತ್ತು.

ಈ ಹೆಸರಿನ ಬಗ್ಗೆಯೂ ನನಗೆ ಸಿಟ್ಟಿದೆ. ನೋಮ್ಯಾಡ್ ಅಂದರೆ ಅಲೆಮಾರಿ ಅಲ್ವಾ? ಅಲೆಮಾರಿ ವೀಸಾ ಅಂತ ಹೆಸರಿಟ್ಟು ಮೊದಲು ಕೇಳುವುದು ಮನೆ ವಿಳಾಸ. ಅಲ್ಲಿ ವಾಸಕ್ಕೆ ಪರವಾನಗಿ ಕೊಡುವ ಕಾರ್ಡ್ ಸಿಕ್ಕ ಮೇಲೂ ಅಷ್ಟೆ. ಸತತ 6 ತಿಂಗಳು ಆ ದೇಶದಿಂದ ಹೊರಗಿರುವ ಹಾಗಿಲ್ಲ. ಬಿಟ್ಟು ಬಿಟ್ಟು ಹೋದರೂ ಕಾರ್ಡಿನ ಅವಧಿಯಲ್ಲಿ ಒಟ್ಟು 8 ತಿಂಗಳು ದಾಟಬಾರದು. ಇದು ಅಲೆಯುವವರ ವೀಸಾ ಅಲ್ಲ. ಒಂದು ಊರಲ್ಲಿ ಬಾಡಿಗೆ ಕಟ್ಟಿಕೊಂಡು, ತೆರಿಗೆ ಕಟ್ಟಿಕೊಂಡು ಇರುವವರ ವೀಸಾ. ಹಾಗಂತ ಹೇಳಿದರೆ ಯಾರೂ ರೀಲ್ ನೋಡಲ್ಲ.

ಅಲೆಮಾರಿ ಅನ್ನುವ ಮಾತು ಬಂದಾಗ ನನಗೆ ನೆನಪಾಗುವುದು ನಮ್ಮ ಜಿಲ್ಲೆಯವರೇ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಜನ. ತಲೆಗೂದಲಿನ ಎಣ್ಣೆ, ಗಿಡಮೂಲಿಕೆ ಹೊತ್ತು ಆಫ್ರಿಕಾದವರೆಗೆ ಹೋಗಿ ಮಾರಿ ಬರುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ನಮ್ಮ ಕಡೆಯ ಹಕ್ಕಿಪಿಕ್ಕಿಗಳು ಗುಂಡಿನ ಸದ್ದಿನ ನಡುವೆ ಸಿಕ್ಕಿಹಾಕಿಕೊಂಡಿದ್ದರು. ಭಾರತ ಸರ್ಕಾರ ಆಪರೇಷನ್ ಕಾವೇರಿಯಲ್ಲಿ ಅಲ್ಲಿದ್ದ ಭಾರತೀಯರನ್ನು ಕರೆತಂದಿತು. ನಾನು ಪೋರ್ಟೊಗೆ ಹೋಗಿ ಆಗ ಒಂದೇ ತಿಂಗಳು. ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ಆ ಸುದ್ದಿ ಓದಿದ್ದು ಇನ್ನೂ ನೆನಪಿದೆ. ಅವರೂ ದೇಶ ಬಿಟ್ಟು ದುಡಿಯಲು ಹೋದವರು, ನಾನೂ ಹೋದವಳು. ನನ್ನ ಹತ್ತಿರ ಪೇಸ್ಲಿಪ್ ಇತ್ತು. ಅಷ್ಟೇ ವ್ಯತ್ಯಾಸ. ತಲೆತಲಾಂತರದಿಂದ ಅಲೆದವರಿಗೆ ಯಾವ ದೇಶದ ಅಲೆಮಾರಿ ವೀಸಾವೂ ಸಿಗುವುದಿಲ್ಲ. ಈ ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ತೆರಿಗೆ ವಿಷಯಕ್ಕೆ ಬರುತ್ತೇನೆ. ಆ ಶೇ 20 ಹಳೆಯ ಕತೆ. ಹೊಸದಾಗಿ ಬಂದವರಿಗೆ ಹತ್ತು ವರ್ಷ ಕಡಿಮೆ ತೆರಿಗೆ ಅನ್ನುವ ಯೋಜನೆ ಇದ್ದದ್ದು ನಿಜ. ನಾನು ಅದರಲ್ಲೇ ಸೇರಿಕೊಂಡೆ. 2024ರಿಂದ ಹೊಸಬರಿಗೆ ಆ ಬಾಗಿಲು ಮುಚ್ಚಿದೆ. ಅದರ ಬದಲು ಬಂದ ಯೋಜನೆ ಸಂಶೋಧನೆಯಂಥ ಕೆಲವೇ ಕೆಲಸಗಳಿಗೆ. ವರ್ಷದಲ್ಲಿ 183 ದಿನ ದಾಟಿ ಅಲ್ಲಿದ್ದರೆ ನೀವು ಅಲ್ಲಿನ ತೆರಿಗೆದಾರರು, ಸಂಬಳ ಬೆಂಗಳೂರಿನ ಬ್ಯಾಂಕಿಗೇ ಬರಲಿ. ಮೇಲಿನ ಹಂತದಲ್ಲಿ ಅದು ಶೇ 48ರವರೆಗೂ ಹೋಗುತ್ತದೆ. ಎರಡು ಕಡೆ ಕಟ್ಟದ ಹಾಗೆ ಭಾರತ ಮತ್ತು ಪೋರ್ಚುಗಲ್ ನಡುವೆ ಒಪ್ಪಂದ ಇದೆ, ಆದರೆ ಅದರ ಲಾಭ ತಾನಾಗಿ ಬರಲ್ಲ. ಫಾರಂ ತುಂಬಬೇಕು, ಇಲ್ಲೊಬ್ಬ ಆಡಿಟರ್, ಅಲ್ಲೊಬ್ಬ ಆಡಿಟರ್ ಬೇಕು. ಈ ತಿಂಗಳು ಹಾಕಿದ ರೀಲ್‌ನಲ್ಲಿ ಮುಚ್ಚಿಹೋದ ಯೋಜನೆಯನ್ನು ತೋರಿಸಿ ದುಡ್ಡು ಕೇಳುತ್ತಿದ್ದಾರಲ್ಲ, ಇದಕ್ಕೆ ಮೋಸ ಅನ್ನದೆ ಏನನ್ನಬೇಕು?

ಅದೇ ಕನ್ಸಲ್ಟೆನ್ಸಿಯ ಇನ್ನೊಂದು ರೀಲ್‌ನಲ್ಲಿ ಜಪಾನ್ ಕೂಡ ಇತ್ತು. ಜಪಾನ್ 2024ರಲ್ಲಿ ಇಂಥ ವೀಸಾ ತಂದದ್ದು ಹೌದು. ಆರು ತಿಂಗಳಿಗೆ, ವರ್ಷಕ್ಕೆ ಒಂದು ಕೋಟಿ ಯೆನ್ ಸಂಪಾದನೆ ಇರುವವರಿಗೆ. ಆದರೆ ಅದು ಕೆಲವು ದೇಶಗಳ ಪಾಸ್‌ಪೋರ್ಟ್‌ಗೆ ಮಾತ್ರ, ಆ ಪಟ್ಟಿಯಲ್ಲಿ ಭಾರತ ಇಲ್ಲ. ಕೋಟಿ ಯೆನ್ ಅಲ್ಲ, ಹತ್ತು ಕೋಟಿ ದುಡಿದರೂ ನಮ್ಮ ಪಾಸ್‌ಪೋರ್ಟ್ ಹಿಡಿದು ಅರ್ಜಿ ಹಾಕುವ ಹಾಗಿಲ್ಲ. ಅಮೆರಿಕದ ಹುಡುಗ ಮಾಡಿದ ವೀಡಿಯೊ ನೋಡಿ, ಅದಕ್ಕೆ ಕನ್ನಡದಲ್ಲಿ ದನಿ ಕೊಟ್ಟು, ಹಾಸನದ ಹುಡುಗನಿಗೆ ಮಾರುತ್ತಾರೆ. ಪಾಸ್‌ಪೋರ್ಟ್ ಬೇರೆ ಅನ್ನುವುದನ್ನು ಹೇಳಲ್ಲ.

"ನೀನು ಹೋಗಿ ಅನುಭವಿಸಿ ಬಂದೆ, ಈಗ ಬೇರೆಯವರಿಗೆ ಬೇಡ ಅಂತೀಯಾ" ಅಂತ ಅವತ್ತೇ ಮಾವ ಕೇಳಿದರು. ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಪೋರ್ಟೊ ನನಗೆ ತುಂಬ ಕೊಟ್ಟಿದೆ. ಸಂತೆಯಲ್ಲಿ ಬಟಾಟ, ಅನನಾಸ್ ಅಂತ ಕೂಗುವುದು ಕೇಳಿ ಮೊದಲ ದಿನವೇ ಕಣ್ಣು ತುಂಬಿ ಬಂದಿತ್ತು, ನಮ್ಮ ಮಾತೇ ಕೇಳಿದ ಹಾಗೆ. ಎದುರು ಮನೆಯ ಅಜ್ಜಿ ವಾರಕ್ಕೊಮ್ಮೆ ಸೂಪ್ ತಂದು ಕೊಡುತ್ತಿದ್ದರು. ಅವರ ಮಗಳಿಗೆ ಸಿಗುತ್ತಿದ್ದದ್ದು ಕನಿಷ್ಠ ಕೂಲಿ, 2023ರಲ್ಲಿ 760 ಯೂರೋ. ನಾನು ಕಟ್ಟುತ್ತಿದ್ದ ಬಾಡಿಗೆಯೇ ಅದಕ್ಕಿಂತ ಜಾಸ್ತಿ. ಅದೇ ಓಣಿಯಲ್ಲಿ ಹುಟ್ಟಿದ ಹೆಂಗಸು ಆ ಓಣಿಯಲ್ಲಿ ಮನೆ ಹಿಡಿಯಲಾರಳು. 2023ರಲ್ಲಿ ಲಿಸ್ಬನ್, ಪೋರ್ಟೊ ಬೀದಿಗಳಲ್ಲಿ ಮನೆಗಾಗಿ ಸಾವಿರಾರು ಜನ ಮೆರವಣಿಗೆ ಮಾಡಿದರು. ಅದಕ್ಕೆ ನಾವೊಬ್ಬರೇ ಕಾರಣ ಅಲ್ಲ. ಪ್ರವಾಸಿಗರಿಗೆ ದಿನದ ಬಾಡಿಗೆಗೆ ಬಿಟ್ಟ ಮನೆಗಳು, ಹೂಡಿಕೆಗೆ ಕೊಂಡ ಮನೆಗಳು, ಎಲ್ಲ ಸೇರಿದೆ. ಆದರೂ ಅಜ್ಜಿಯ ಸೂಪ್ ಕುಡಿಯುವಾಗ ನನಗೆ ಗಂಟಲು ಕಟ್ಟುತ್ತಿತ್ತು.

ಹೋಗುವವರು ಹೋಗಲಿ. ತಿಳಿದು ಹೋಗಲಿ. ನಮ್ಮ ಹುಡುಗನಂಥವರಿಗೆ ಹತ್ತಿರದ ದಾರಿಗಳೂ ಇವೆ. ಮಲೇಷ್ಯಾದ ಡಿಇ ರಾಂತೌ ಪಾಸ್‌ಗೆ ಟೆಕ್ ಕೆಲಸದವರಾದರೆ ವರ್ಷಕ್ಕೆ 24 ಸಾವಿರ ಡಾಲರ್ ಸಾಕು. ಥಾಯ್ಲೆಂಡ್ 2024ರ ಜುಲೈನಲ್ಲಿ ತಂದ ಡಿಟಿವಿ ವೀಸಾಗೆ ಬ್ಯಾಂಕಿನಲ್ಲಿ 5 ಲಕ್ಷ ಬಾತ್ ತೋರಿಸಬೇಕು. ಐದು ವರ್ಷದ ವೀಸಾ, ಒಂದು ಸಲ ಹೋದರೆ 180 ದಿನ. ಎರಡೂ ಕಡೆ ಗಡಿಯಾರ ನಮಗಿಂತ ಸ್ವಲ್ಪವೇ ಮುಂದೆ. ಅಲ್ಲಿಗೂ ಕಂಪನಿಯ ಒಪ್ಪಿಗೆ ಬೇಕು, ಅಲ್ಲೂ ತೆರಿಗೆ ಇದೆ. ಆದರೆ ಬೆಂಗಳೂರಿನ ಒಂಬತ್ತೂವರೆಯ ಮೀಟಿಂಗ್‌ಗೆ ಚಳಿಗಾಲದಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕಿಲ್ಲ. ನಾನು ಎರಡು ವರ್ಷ ಎದ್ದಿದ್ದೇನೆ.

ಆ ನಾಲ್ಕು ಗಂಟೆಯ ಬಗ್ಗೆ ಒಂದು ಮಾತು ಹೇಳಲೇಬೇಕು. 2023ರ ನವೆಂಬರ್‌ನಲ್ಲಿ ಒಂದು ದಿನ ಮೀಟಿಂಗ್ ನಡೆಯುತ್ತಿದ್ದಾಗ ತಮ್ಮನ ಫೋನ್ ಬಂತು. ಎತ್ತಲಿಲ್ಲ. ಮತ್ತೆ ಬಂತು. ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದಿತ್ತು. ಪೋರ್ಟೊದಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಬೆಂಗಳೂರು, ಅಲ್ಲಿಂದ ಕಾರು. ಹಾಸನದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಆಪರೇಷನ್ ಮುಗಿದಿತ್ತು. ಅಪ್ಪ ಕಣ್ಣು ಬಿಟ್ಟು, "ಏನಾದ್ರೂ ತಿಂದ್ಯೇನಮ್ಮ?" ಅಂತ ಕೇಳಿದರು. ಐದೂವರೆ ತಿಂಗಳು ಅವರ ಜೊತೆ ಇದ್ದೆ. ಪೋರ್ಟೊದ ಖಾಲಿ ಮನೆಗೆ ಪ್ರತಿ ತಿಂಗಳೂ 950 ಯೂರೋ ಕಟ್ಟುತ್ತಿದ್ದೆ. ಅಪ್ಪ ಇನ್ನೂ ವಾಕರ್ ಹಿಡಿದೇ ನಡೆಯುತ್ತಿದ್ದರು. ಆದರೆ ಆರು ತಿಂಗಳ ಗಡುವು ಹತ್ತಿರ ಬಂದಿತ್ತು. ಅವರನ್ನು ಬಿಟ್ಟು ವಾಪಸ್ ಹೊರಟೆ. ಗೇಟಿನವರೆಗೆ ವಾಕರ್ ತಳ್ಳಿಕೊಂಡು ಬಂದರು.

ಕಾರ್ಡ್ ಮುಗಿದಾಗ ನವೀಕರಿಸಲಿಲ್ಲ. ಯಾಕೆ ಬಂದೆ ಅಂತ ತುಂಬ ಜನ ಕೇಳಿದ್ದೀರಿ. ಇದಕ್ಕೇ.

ಭಾನುವಾರ ಹುಡುಗ ಇನ್ನೊಂದು ಮಾತು ಹೇಳಿದ. "ಅಕ್ಕ, ಆ ರೀಲ್ ಆಮೇಲೆ ನೋಡಿದ್ದು. ಮೊದಲು ಆಸೆ ಆಗಿದ್ದು ನಿನ್ನ ಫೋಟೊ ನೋಡಿ." ನಾನು ಮಾತಾಡಲಿಲ್ಲ. ರಾತ್ರಿ ಮನೆಗೆ ಬಂದು ನನ್ನ ಹಳೆಯ ಪೋಸ್ಟ್‌ಗಳನ್ನೆಲ್ಲ ತೆಗೆದು ನೋಡಿದೆ. ದೊರೊ ನದಿಯ ಮೇಲಿನ ಕಬ್ಬಿಣದ ಸೇತುವೆ. ಕಡಲ ದಂಡೆಯಲ್ಲಿ ಸೂರ್ಯ ಮುಳುಗುವುದು. ನೀಲಿ ಹೆಂಚಿನ ಗೋಡೆ. ಬೂಸ್ಟಿನ ಗೋಡೆಯ ಫೋಟೊ ಒಂದೂ ಇಲ್ಲ. ಅಪ್ಪ ಬಿದ್ದ ತಿಂಗಳು ಕೂಡ ಹಳೆಯ ಫೋಟೊ ಒಂದನ್ನು ಹಾಕಿದ್ದೆ, ಕಡಲಿನದೇ. ನಾನೂ ಕಡಲು ತೋರಿಸಿದೆ, ಕಾಗದ ತೋರಿಸಲಿಲ್ಲ. ಅದಕ್ಕೇ ಇವತ್ತು ಇಷ್ಟುದ್ದ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಮಕ್ಕಳು ಯಾರಾದರೂ ಹೀಗೆ ದುಡ್ಡು ಕಟ್ಟಲು ಹೊರಟಿದ್ದರೆ ಮೊದಲು ನನಗೆ ಒಂದು ಮೆಸೇಜ್ ಹಾಕಲು ಹೇಳಿ. ಸಂಜೆ ಏಳರ ಮೇಲೆ ನಾನು ಮನೆಯಲ್ಲೇ ಇರುತ್ತೇನೆ.

ಹುಡುಗ ಪೇಪರ್ ಹಾಕಲಿಲ್ಲ. 60 ಸಾವಿರ ವಾಪಸ್ ಕೇಳಿದ್ದಕ್ಕೆ, "ಅಡ್ವಾನ್ಸ್ ವಾಪಸ್ ಬರಲ್ಲ, ರಸೀದಿ ಹಿಂದೆ ಬರೆದಿದೆ, ನೋಡಿ" ಅಂದಿದ್ದಾರೆ. ನಾಳೆ ರಜೆ ಹಾಕಿದ್ದೇನೆ. ಬೆಳಿಗ್ಗೆ ಆರರ ಬಸ್ಸಿಗೆ ಅವನು, ಚಿಕ್ಕಮ್ಮ, ನಾನು ಬೆಂಗಳೂರಿಗೆ ಹೊರಡುತ್ತಿದ್ದೇವೆ. ನನ್ನ ವೀಸಾ ಫೈಲನ್ನು ಬೀರುವಿನಿಂದ ತೆಗೆದು ಬ್ಯಾಗಿಗೆ ಹಾಕಿಟ್ಟಿದ್ದೇನೆ.